ಶಿವಕ್ಕನ ಅರ್ಜಿಯ ಕೊನೆಯ ಪುಟ

ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ, ರಾಕ್‌ವಿಲ್‌ನಿಂದ ಶ್ಯಾಂಟಿಲಿಯವರೆಗೆ, ಯಾವ ಕನ್ನಡದವರ ಮನೆಗೆ ಹೋದರೂ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿರುತ್ತಿತ್ತು. ಪೊಲೀಸು, ಆಂಬುಲೆನ್ಸುಗಳ ನಂಬರಿನ ಕೆಳಗೆ ಶಿವಕ್ಕನ ಮನೆಯ ನಂಬರು. ಕೆಲವರು ಅದನ್ನೇ ಮೊದಲು ಬರೆದುಕೊಂಡಿದ್ದರು. ಪ್ರತಿ ವರ್ಷ ಸ್ಕೂಲು ಶುರುವಾಗುವಾಗ ಮಕ್ಕಳು ಒಂದು ಎಮರ್ಜೆನ್ಸಿ ಕಾರ್ಡು ತರುತ್ತವಲ್ಲ, ಅಪ್ಪ ಅಮ್ಮ ಕೈಗೆ ಸಿಗದಿದ್ದರೆ ಯಾರನ್ನು ಕರೆಯಬೇಕು ಎಂದು ತುಂಬಿಕೊಡುವುದು, ಅದರಲ್ಲೂ ಅವಳದೇ ಹೆಸರು. ಹನ್ನೊಂದು ಮನೆಯವರು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದರು. ಮೊದಲು ಕೇಳುವ ಪದ್ಧತಿಯೇನೂ ಇರಲಿಲ್ಲ. ಬರೆದು ಕಳಿಸಿದ ಮೇಲೆ ಒಂದು ಫೋನ್ ಬರುತ್ತಿತ್ತು: "ಆಂಟಿ, ಈ ಸಲಾನೂ ನಿಮ್ಮ ಹೆಸರೇ ಹಾಕಿದೀನಿ, ಓಕೆ ಅಲ್ವಾ?"

ಓಕೆ ಅಲ್ಲ ಎಂದು ಶಿವಕ್ಕ ಒಂದು ಸಲವೂ ಅಂದವಳಲ್ಲ. ವರಲಕ್ಷ್ಮಿಯ ಮಗಳು ಶ್ರಾವಣಿ ಸ್ಕೂಲಿನಲ್ಲಿ ಜಾರುಬಂಡಿಯಿಂದ ಬಿದ್ದು ಕೈ ಮುರಿದುಕೊಂಡ ದಿನ, ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಕಣ್ಣು ಮುಚ್ಚಿದ್ದವಳು ಎದ್ದು ಓಡಿದ್ದಳು. ಅವಳು ಆಸ್ಪತ್ರೆಯ ನರ್ಸು. ಚಳಿಗಾಲದಲ್ಲಿ ಒಳಗೆಲ್ಲೋ ಅಡಗಿಕೊಂಡ ನರವನ್ನು ಬೆರಳ ತುದಿಯಿಂದಲೇ ಹುಡುಕಿ, ಸೂಜಿ ಚುಚ್ಚಿದ್ದೇ ಗೊತ್ತಾಗದಂತೆ ರಕ್ತ ತೆಗೆಯುವವಳು. ಮಕ್ಕಳು ಬೇರೆ ಯಾರ ಕೈಯಲ್ಲೂ ಚುಚ್ಚಿಸಿಕೊಳ್ಳುತ್ತಿರಲಿಲ್ಲ.

ಊರು ಗುಳೇದಗುಡ್ಡ. ಮನೆಯಲ್ಲಿ ಕುಪ್ಪಸದ ಕಣ ನೇಯುವ ಮಗ್ಗ. ಗದಗಿನಲ್ಲಿ ನರ್ಸಿಂಗ್ ಕಲಿತದ್ದೇ ತಪ್ಪಾಯಿತು. ಎರಡು ಕಡೆಯ ಗಂಡಿನವರು ಬಂದು ಚಹಾ ಕುಡಿದು, ಉಪ್ಪಿಟ್ಟು ತಿಂದು, ಹೊರಗೆ ಹೋಗಿ, 'ಕಂಡಕಂಡವರ ಮೈ ಮುಟ್ಟುವ ಕೆಲಸದವಳು ಬೇಡ' ಎಂದು ಹೇಳಿ ಕಳಿಸಿದರು. ಉಪ್ಪಿಟ್ಟು ಮಾಡಿದ್ದೂ ಅದೇ ಕೈ, ಅದು ಮಾತ್ರ ನಡೆಯಿತು! ಮೂರನೆಯವರು ಬರುವ ಮೊದಲೇ ಶಿವಕ್ಕ ಅಮೆರಿಕಕ್ಕೆ ನರ್ಸುಗಳು ಬೇಕೆಂಬ ಜಾಹೀರಾತಿಗೆ ಅರ್ಜಿ ಹಾಕಿದಳು. ಅರವತ್ತೊಂಬತ್ತರಲ್ಲಿ ಬಂದವಳು, ಇಪ್ಪತ್ತೇಳು ವರ್ಷ ಒಂದೇ ಆಸ್ಪತ್ರೆ, ರಾಕ್‌ವಿಲ್‌ನಲ್ಲಿ ಹೆಚ್ಚುಕಡಿಮೆ ಒಂದೇ ಅಪಾರ್ಟ್‌ಮೆಂಟು. ತಾಯಿ ನೀಲವ್ವ ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡಾಗ ಸುದ್ದಿ ಹದಿನೈದು ದಿನ ತಡವಾಗಿ ಕಾಗದದಲ್ಲಿ ಬಂತು. ಆಮೇಲೆ ಊರಲ್ಲಿ ಉಳಿದವನು ಅಣ್ಣ ವೀರಣ್ಣ. ವರ್ಷಕ್ಕೆರಡು ಕಾಗದ ಬರೆಯುತ್ತಿದ್ದ, ಎರಡರಲ್ಲೂ ಎಲ್ಲರೂ ಕ್ಷೇಮ ಎಂದಿರುತ್ತಿತ್ತು.

ತೊಂಬತ್ತಾರರಲ್ಲಿ, ಐವತ್ತಾರಕ್ಕೇ, ಅವಳು ನಿವೃತ್ತಿ ತೆಗೆದುಕೊಂಡಳು. ಆಸ್ಪತ್ರೆಯವರು ಕೇಕು ಕತ್ತರಿಸಿದರು, ಒಂದು ಗಡಿಯಾರ ಕೊಟ್ಟರು. ಮಾರನೆಯ ಬೆಳಿಗ್ಗೆ ಎದ್ದು ಕುಳಿತರೆ ಮಾಡುವುದಕ್ಕೇನೂ ಇಲ್ಲ, ಮಾತಾಡುವುದಕ್ಕಂತೂ ಯಾರೂ ಇಲ್ಲ. ಯಾರಿಗಾದರೂ ಜ್ವರ ಬಂದರೆ ಫೋನ್ ಬರುತ್ತದೆ. ಆ ವರ್ಷ ನೋಡಿ, ಹಾಳಾದವರು, ಎಲ್ಲರೂ ಆರೋಗ್ಯವಾಗಿದ್ದರು.

ಹಾಗಾಗಿ ಅವಳು ರೆಡ್ ಲೈನ್ ರೈಲು ಹಿಡಿದು ವಾಷಿಂಗ್ಟನ್ನಿನ ಮೃಗಾಲಯಕ್ಕೆ ಹೋಗತೊಡಗಿದಳು. ಅಲ್ಲಿ ಟಿಕೆಟ್ಟಿಲ್ಲ, ಯಾಕೆ ಬಂದೆ ಎಂದು ಕೇಳುವವರೂ ಇಲ್ಲ. ಸಿಂಹಗಳ ಬಯಲಿನ ಎದುರು ಒಂದು ಬೆಂಚು. ಒಂದು ಹೆಣ್ಣು ಸಿಂಹ ಯಾವಾಗಲೂ ಜನರಿಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿತ್ತು. "ಏನವಾ, ಇವತ್ತೂ ಸಿಟ್ಟೇನು?" ಎಂದು ಶಿವಕ್ಕ ಅದನ್ನು ಕೇಳುತ್ತಿದ್ದಳು. ಸಿಂಹಕ್ಕೆ ಗುಳೇದಗುಡ್ಡದ ಮಾತು ಬಾರದು ನಿಜ, ಆದರೆ ಕಿವಿಯನ್ನಂತೂ ಹಿಂದಕ್ಕೆ ತಿರುಗಿಸುತ್ತಿತ್ತು. ಅಷ್ಟು ಕಿವಿ ಕೊಟ್ಟವರು ಆ ತಿಂಗಳಲ್ಲಿ ಬೇರೆ ಯಾರೂ ಇರಲಿಲ್ಲ.

ಅಲ್ಲಿಯ ನೋಟಿಸ್ ಬೋರ್ಡಿನಲ್ಲೇ ಅವಳು ಆ ಕಾಗದ ಕಂಡದ್ದು. ಬೋಟ್ಸ್ವಾನಾದಲ್ಲಿ ಸಿಂಹಗಳನ್ನು ಉಳಿಸುವ ಒಂದು ಸಣ್ಣ ಸಂಸ್ಥೆ, ಆರು ವಾರಕ್ಕೆ ಸ್ವಯಂಸೇವಕರು ಬೇಕು, ರಕ್ತ ತೆಗೆದು ಅಭ್ಯಾಸವಿರುವವರಾದರೆ ಒಳ್ಳೆಯದು. ಶಿವಕ್ಕ ಕಾಗದವನ್ನು ಮೂರು ಸಲ ಓದಿದಳು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಯಾರೋ, ಅಪಘಾತ ಜ್ವರ ಏನೂ ಇಲ್ಲದೆಯೇ, ನೀನು ಬೇಕು ಎಂದಂತಾಯಿತು. ಹೋಗಲೇಬೇಕು ಎಂದು ಅಲ್ಲೇ ನಿಶ್ಚಯ ಮಾಡಿಬಿಟ್ಟಳು.

ಅರ್ಜಿ ಆರು ಪುಟ. ಐದು ಪುಟ ಒಂದೇ ಬೆಳಿಗ್ಗೆ ಮುಗಿಯಿತು. ಆರನೆಯದು ಪೀಕಲಾಟಕ್ಕೆ ಬಂತು. ಅನಾಹುತವಾದರೆ ಯಾರಿಗೆ ತಿಳಿಸಬೇಕು? ಮರಣ ಸಂಭವಿಸಿದರೆ ದೇಹವನ್ನು ಯಾರು ಬರಮಾಡಿಕೊಳ್ಳುತ್ತಾರೆ? ಅಮೆರಿಕದಲ್ಲೇ ಇರುವವರೊಬ್ಬರ ಹೆಸರು, ಅವರು ಶಿವಕ್ಕನಿಗೆ ಏನಾಗಬೇಕು, ಫೋನ್ ನಂಬರು, ಒಪ್ಪಿಗೆಯ ಸಹಿ. ಇದು ಖಾಲಿಯಿದ್ದರೆ ಅರ್ಜಿ ನಡೆಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಜುಲೈ ಹದಿನೈದರೊಳಗೆ ಮೃಗಾಲಯದ ಆಫೀಸಿಗೆ ತಲುಪಬೇಕು.

ಇದೇನು ಮಹಾ ಎಂದುಕೊಂಡಳು ಶಿವಕ್ಕ. ಹನ್ನೊಂದು ಮನೆಯ ಕಾರ್ಡಿನಲ್ಲಿ ತನ್ನ ಹೆಸರಿದೆ, ತನ್ನದೊಂದು ಕಾಗದಕ್ಕೆ ಒಂದು ಹೆಸರು ಸಿಗುವುದಿಲ್ಲವೇ?

ಮೊದಲು ಹೋದದ್ದು ಪಕ್ಕದ ಬೀದಿಯ ವರಲಕ್ಷ್ಮಿಯ ಮನೆಗೆ. ಅವಳು ಮೈಸೂರಿನವಳು, ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರು. ಕಾಗದ ಓದಿದವಳೇ ಬೆಂಕಿ ಮುಟ್ಟಿದಂತೆ ಕೈಬಿಟ್ಟಳು.

"ಅಯ್ಯೋ ಆಂಟಿ, ಬಿಡ್ತು ಅನ್ನಿ! ಡೆತ್ ಅಂತೆ, ಬಾಡಿ ಅಂತೆ! ಇವತ್ತು ಶುಕ್ರವಾರ ಬೇರೆ. ಇದಕ್ಕೆ ನಾನು ಸೈನ್ ಮಾಡಿದ್ರೆ ನಾನೇ ನಿಮ್ಮನ್ನ ಕಳಿಸಿಕೊಟ್ಟ ಹಾಗಾಗಲ್ವಾ?"

"ಬರೇ ಹೆಸರವಾ. ಏನರ ಆದ್ರ ಒಂದು ಫೋನ್ ಬರ್ತದ, ಅಷ್ಟ."

"ಏನೂ ಆಗಲ್ಲ. ಬಿಡ್ತು ಅನ್ನಿ ಮೊದ್ಲು."

ಶಿವಕ್ಕ ಬಿಡ್ತು ಅಂದಳು. ವರಲಕ್ಷ್ಮಿ ಕೇಸರಿಬಾತು ಕಟ್ಟಿಕೊಟ್ಟು, ಕುಂಕುಮವಿಟ್ಟು, ಬಾಗಿಲವರೆಗೂ ಬಂದು ಕಳಿಸಿದಳು.

ಶ್ಯಾಂಟಿಲಿಯ ಸಪ್ನಾ ಬಾಗಲಕೋಟೆ ಕಡೆಯವರ ಸೊಸೆ, ಬೆಂಗಳೂರಿನಲ್ಲಿ ಬೆಳೆದ ಹುಡುಗಿ. ಇಂಥದ್ದೆಲ್ಲ ನಂಬುವವಳಲ್ಲ. "ನಂಗೇನಿಲ್ಲ ಆಂಟಿ, ಆದ್ರೆ ಹೊಸ ಮನೆ ಗೃಹಪ್ರವೇಶ ಇದೆ ನೆಕ್ಸ್ಟ್ ಮಂತ್. ನಮ್ಮತ್ತೆಗೆ ಗೊತ್ತಾದ್ರೆ ಮುಗೀತು. ಅದಾದ್ಮೇಲೆ ಮಾಡ್ಲಾ?" ಎಂದಳು. ಅದಾದ ಮೇಲೆ ಎಂದರೆ ಆಗಸ್ಟು. ಅರ್ಜಿಯ ಗಡುವು ಜುಲೈ ಹದಿನೈದು, ಹೊರಡುವುದು ಆಗಸ್ಟ್ ಆರಕ್ಕೆ.

ಕೊನೆಗೆ ಅಲ್ಲೇ ಹತ್ತಿರದ ಕೊಲಂಬಿಯಾ ಊರಿನ ಮಹಾಂತಪ್ಪ. ಸೇತುವೆ ಕಟ್ಟಿಸುವ ಎಂಜಿನಿಯರು, ಅವಳದೇ ಜಿಲ್ಲೆಯವರು, ಹಿರಿಯರು. ಪ್ರತಿ ಬಸವ ಜಯಂತಿಗೆ ಸ್ಟೇಜಿನ ಮೇಲೆ ನಿಂತು, ಶಿವಕ್ಕ ನನ್ನ ಒಡಹುಟ್ಟಿದ ತಂಗಿ ಎಂದು ಮೈಕಿನಲ್ಲಿ ಹೇಳುವವರು. ಅವರ ಹೆಂಡತಿ ರೇಣುಕಾದೇವಿ ರೊಟ್ಟಿ ಬಡಿದು, ಎಣ್ಣೆಗಾಯಿ ಬಡಿಸಿದರು. ಊಟವಾದ ಮೇಲೆ ಕಾಗದ ಹೊರಬಂತು. ಮಹಾಂತಪ್ಪ ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದರು. ಕಣ್ಣಲ್ಲಿ ನೀರು.

"ತಂಗಿ ಹೆಣ ನಾ ಇಳಿಸಿಕೋತೀನಿ ಅಂತ ಅಣ್ಣಾದಾಂವ ಬರದು ಕೊಡತಾನೇನ? ನಂಗ ಮನಸಾದರೂ ಹ್ಯಾಂಗ ಬಂದೀತು, ಹುಚ್ಚಿ?"

"ಹೆಣದ ಮಾತಲ್ಲಣ್ಣಾ. ಯಾರಿಗರ ಒಬ್ಬರಿಗೆ ತಿಳೀಬೇಕಲ್ಲ."

"ನಿಂಗೇನೂ ಆಗಂಗಿಲ್ಲ, ಸುಮ್ಮ ಹೋಗಿ ಬಾ. ಆ ಸಿಂಹಗಳ ಗತಿ ಏನಂತ ನಂಗ ಚಿಂತಿ." ಎಲ್ಲರೂ ನಕ್ಕರು. ಶಿವಕ್ಕನೂ ನಕ್ಕಳು. ಕಾಗದವನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಂಡಳು.

ಅವರ ಪ್ರೀತಿ ಸುಳ್ಳು ಎನ್ನುವ ಹಾಗಿಲ್ಲ, ಅದೇ ಸಂಕಟ. ಅಷ್ಟು ಪ್ರೀತಿಯ ನಡುವೆ ಒಂದು ಗೆರೆ ತುಂಬುವವರು ಸಿಗಲಿಲ್ಲ. ಆಸ್ಪತ್ರೆಯ ಹಳೆಯ ಜೊತೆಗಾರ್ತಿಯರನ್ನು ಕೇಳಬಹುದಿತ್ತು. ಎರಡನೇ ಮಾತಿಲ್ಲದೆ ಸಹಿ ಮಾಡುತ್ತಿದ್ದರು. ಆದರೆ ಶಿವಕ್ಕನದು ಒಂದು ಹಟ. ಸುದ್ದಿ ಕೇಳಿ 'ಐ ಆಮ್ ಸಾರಿ' ಅನ್ನುವವರು ಬೇಡ, 'ಅಯ್ಯೋ ಶಿವಕ್ಕಾ' ಅನ್ನುವವರು ಬೇಕು.

ಜುಲೈ ಹನ್ನೆರಡರಂದು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವಳು ಆರನೆಯ ಪುಟ ತುಂಬಿದಳು. ಹೆಸರು: ನೀಲವ್ವ. ಸಂಬಂಧ: ಅಕ್ಕ. ಫೋನ್ ನಂಬರು: ತನ್ನದೇ. ಸಹಿಯನ್ನು ಕನ್ನಡದಲ್ಲಿ ಹಾಕಿದಳು, ಕೈಬರಹ ಒಂದೇ ಎಂದು ಯಾರಿಗೂ ಗೊತ್ತಾಗಬಾರದಲ್ಲ. ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದ ತಾಯಿ, ತೀರಿಕೊಂಡ ಹದಿನೇಳು ವರ್ಷದ ಮೇಲೆ, ಮೊದಲ ಸಲ ಸಹಿ ಮಾಡಿದಳು. ಶಿವಕ್ಕನಿಗೆ ನಗು ಬಂತು. ಆಮೇಲೆ ಅದೇ ಕುರ್ಚಿಯಲ್ಲಿ ಕುಳಿತು ಗಟ್ಟಿಯಾಗಿ ಅತ್ತಳು. ಕೇಳಿಸೀತು ಎಂದು ಅಂಜುವುದಕ್ಕೆ ಮನೆಯಲ್ಲಿ ಯಾರಿದ್ದರು?

ಆ ನಂಬರಿಗೆ ಫೋನ್ ಮಾಡಿದರೆ ಆನ್ಸರಿಂಗ್ ಮೆಷಿನ್ನು ಮಾತಾಡುತ್ತಿತ್ತು. ಒಂಟಿ ಹೆಂಗಸರು ತಾವೊಬ್ಬರೇ ಎಂದು ತೋರಿಸಿಕೊಳ್ಳಬಾರದು ಎಂದು ಹಿಂದೊಮ್ಮೆ ಆಸ್ಪತ್ರೆಗೆ ಬಂದಿದ್ದ ಪೊಲೀಸಿನವಳು ನರ್ಸುಗಳಿಗೆಲ್ಲ ಹೇಳಿಕೊಟ್ಟಿದ್ದಳು. ಅದರಂತೆ ಶಿವಕ್ಕ ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ರೆಕಾರ್ಡು ಮಾಡಿಟ್ಟಿದ್ದಳು: ನಾವು ಯಾರೂ ಈಗ ಮನೆಯಲ್ಲಿಲ್ಲ, ನಿಮ್ಮ ಹೆಸರು ಹೇಳಿ, ನಮ್ಮಲ್ಲಿ ಒಬ್ಬರು ನಿಮಗೆ ಫೋನ್ ಮಾಡುತ್ತೇವೆ.

ಬೋಟ್ಸ್ವಾನಾದಲ್ಲಿ ಅದು ಒಣ ಕಾಲ. ಹುಲ್ಲೆಲ್ಲ ಕಂದು, ಬಾಯಿ ತೆರೆದರೆ ಧೂಳು. ಆರು ಡೇರೆಗಳ ಕ್ಯಾಂಪು. ಪಟ್ಟಣದಲ್ಲಿ ಸಂಸ್ಥೆಯ ಆಫೀಸಿತ್ತು, ಅಲ್ಲಿಗೂ ಕ್ಯಾಂಪಿಗೂ ರೇಡಿಯೋದಲ್ಲೇ ಮಾತು. ಆಫೀಸಿನ ಗುಮಾಸ್ತೆ ಮಾಸೆಗೊ ಎಂಬವಳ ದನಿ ದಿನಾ ಸಂಜೆ ಕರಕರ ಸದ್ದಿನ ನಡುವೆ ಬಂದು ಕ್ಯಾಂಪಿನ ವೈದ್ಯೆಯಿಂದ ಎಲ್ಲರ ಕ್ಷೇಮ ಕೇಳುತ್ತಿತ್ತು. ಶಿವಕ್ಕ ಅವಳ ಮುಖ ನೋಡಿದವಳಲ್ಲ, ಒಂದು ಮಾತು ಆಡಿದವಳಲ್ಲ. ಸಿರಿಂಜು ಕುದಿಸುವುದು, ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುವುದು, ಐಸ್ ಪೆಟ್ಟಿಗೆ ನೋಡಿಕೊಳ್ಳುವುದು ಅವಳ ಕೆಲಸ. ಜೊತೆಯ ಸ್ವಯಂಸೇವಕರು ಕಾಲೇಜು ಹುಡುಗರು. ಒಳ್ಳೆಯವರೇ, ಮಾತ್ರ ಅವರ ನಗುವಿನ ಮಾತು ಇವಳಿಗೆ ಅರ್ಥವಾಗುವಷ್ಟರಲ್ಲಿ ನಗು ಮುಗಿದಿರುತ್ತಿತ್ತು.

ಎರಡನೆಯ ವಾರ ಹತ್ತೊಂಬತ್ತನೇ ನಂಬರಿನ ಸಿಂಹಿಣಿ ಸಿಕ್ಕಿತು. ಅಲ್ಲಿ ಸಿಂಹಗಳಿಗೆ ಹೆಸರಿಡುವುದಿಲ್ಲ, ನಂಬರು. ಮುದಿಯಾದದ್ದು. ಮರಿಗಳ ಮೂಗು ಗುಲಾಬಿ ಬಣ್ಣ, ವಯಸ್ಸಾದಂತೆ ಕಪ್ಪಾಗುತ್ತದಂತೆ, ಇದರದ್ದು ಪೂರ್ತಿ ಕಪ್ಪು. ಗುಂಪು ಬಿಟ್ಟು ಒಂದೇ ತಿರುಗುತ್ತಿತ್ತು. ಯಾರೋ ಜಿಂಕೆಗೆಂದು ಒಡ್ಡಿದ ತಂತಿಯ ಉರುಲು ಕುತ್ತಿಗೆಯ ಮಾಂಸದಲ್ಲಿ ಹೂತು ಕೀವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ವೈದ್ಯೆ ಜೀಪಿನಿಂದಲೇ ಮತ್ತಿನ ಮದ್ದಿನ ಬಾಣ ಹೊಡೆದಳು. ಅದು ನಾಲ್ಕು ಹೆಜ್ಜೆ ನಡೆದು ಕುಸಿಯಿತು. ಕಣ್ಣಿಗೆ ಬಟ್ಟೆ ಕಟ್ಟಿದರು. ತಂತಿ ಕತ್ತರಿಸುವುದು ವೈದ್ಯೆಯ ಪಾಲು, ರಕ್ತ ಶಿವಕ್ಕನದು.

ಹಿಂಗಾಲಿನ ಒಳಮಗ್ಗುಲಲ್ಲಿ ಬೆರಳಿಟ್ಟಳು. ಬಿಸಿ ಬಿಸಿ ಮೈ. ಅಲ್ಲೇ ಚರ್ಮದ ಕೆಳಗೆ ನರ ಸಿಕ್ಕಿತು. "ಒಂದ ನಿಮಿಷ ನೋಡವಾ, ಇರುವಿ ಕಡದಾಂಗ ಅಷ್ಟ," ಎಂದಳು, ಮಕ್ಕಳಿಗೆ ಹೇಳುವ ಹಾಗೆಯೇ. ಒಂದೇ ಸಲಕ್ಕೆ ರಕ್ತ ಬಂತು. ವೈದ್ಯೆ ತಲೆಯೆತ್ತಿ ನೋಡಿ, ನಿನ್ನಂಥ ಕೈ ನಾನು ಕಂಡಿಲ್ಲ ಎಂದಳು.

ಕೆಲಸ ಮುಗಿಯಿತು, ಹೊರಡೋಣ ಎಂದು ಶಿವಕ್ಕ ಸಾಮಾನು ಜೋಡಿಸಿದರೆ ಯಾರೂ ಹೊರಡಲಿಲ್ಲ. ಮತ್ತಿನಲ್ಲಿರುವ ಸಿಂಹವನ್ನು ಬಿಟ್ಟು ಹೋಗುವಂತಿಲ್ಲ. ಕತ್ತೆಕಿರುಬ ಬರಬಹುದು, ಬೇರೆ ಸಿಂಹಗಳೇ ಬಂದು ಹರಿಯಬಹುದು. ಎದ್ದು ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಯಾರಾದರೂ ಕಾಯಲೇಬೇಕು, ಅದು ಅಲ್ಲಿಯ ನಿಯಮ. ಬಿಸಿಲಿನಲ್ಲಿ ಜೀಪಿನೊಳಗೆ ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ ಕುಳಿತರು. ಮುದಿ ಸಿಂಹಿಣಿ ಒಮ್ಮೆ ತಲೆಯೆತ್ತಿತು, ಬಿತ್ತು. ಮತ್ತೆ ಎತ್ತಿತು. ಕೊನೆಗೆ ತೂರಾಡುತ್ತ ನಿಂತು, ಹಿಂತಿರುಗಿಯೂ ನೋಡದೆ ಹುಲ್ಲಿನೊಳಗೆ ಹೋಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಶಿವಕ್ಕ ತಟ್ಟಲಿಲ್ಲ. ಸಿಂಹದ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಐದು ತಾಸು ಐದು ಜನ ಕಾದರಲ್ಲ ಇದಕ್ಕೆ!

ಐದನೆಯ ವಾರ ಅವಳಿಗೆ ಜ್ವರ ಬಂತು. ಕಾಲಿಗೆ ಉಣ್ಣಿ ಕಚ್ಚಿ ಬರುವ ಜ್ವರ, ಆ ಸೀಮೆಯಲ್ಲಿ ಮಾಮೂಲು. ಮೂರು ದಿನ ಮೈಮೇಲೆ ಎಚ್ಚರವಿರಲಿಲ್ಲ. ನಾಲ್ಕನೆಯ ದಿನ ಕಣ್ಣು ಬಿಟ್ಟಾಗ ವೈದ್ಯೆ ಪಕ್ಕದಲ್ಲಿ ಕುಳಿತಿದ್ದಳು. "ಗಾಬರಿಯಾಗಬೇಡ," ಎಂದಳು. "ನಿನ್ನ ಅಕ್ಕನಿಗೆ ತಿಳಿಸಿದ್ದೇವೆ."

ಶಿವಕ್ಕ ಡೇರೆಯ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ವಿಮಾನ ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿನಲ್ಲಿ ಇಳಿಯಿತು. ಬಾಗಿಲ ಬಳಿ ಹೂಗುಚ್ಛ ಹಿಡಿದವರು, ಹೆಸರಿನ ಹಲಗೆ ಹಿಡಿದವರು ಸಾಲಾಗಿ ನಿಂತಿದ್ದರು. ಅವಳು ತಲೆ ತಗ್ಗಿಸಿಕೊಂಡು ಅವರನ್ನು ದಾಟಿ ಟ್ಯಾಕ್ಸಿ ಹಿಡಿದಳು. ಒಂಬತ್ತರ ಹೊತ್ತಿಗೆ ಮನೆಯ ಬೀಗ ತೆಗೆದರೆ ಮುಗ್ಗಲು ವಾಸನೆ, ಒಣಗಿದ ತುಳಸಿ. ಮೆಷಿನ್ನಿನ ಕೆಂಪು ದೀಪ ಮಿಣುಕುತ್ತಿತ್ತು. ಚೀಲವನ್ನು ಕೆಳಗಿಡದೆಯೇ ಗುಂಡಿ ಒತ್ತಿದಳು.

ಮೊದಲು ಸಪ್ನಾ. "ಆಂಟಿ, ಸ್ಕೂಲ್ ಕಾರ್ಡಲ್ಲಿ ಈ ಸಲಾನೂ ನಿಮ್ಮ ಹೆಸರೇ ಹಾಕಿದೀನಿ, ಓಕೆ ಅಲ್ವಾ? ಓ, ನೀವು ಆಫ್ರಿಕಾದಲ್ಲಿದೀರಲ್ವಾ! ಇರ್ಲಿ, ಬರ್ತೀರಲ್ಲ."

ಆಮೇಲೆ ಮಹಾಂತಪ್ಪ. "ತಂಗೀ, ಬಂದೀಯೇನ? ರೇಣುಕಾನ ಬೀಪಿ ಗುಳಿಗಿ ಊಟಕ್ಕ ಮೊದಲೋ, ಆಮ್ಯಾಲೋ? ಬಂದ ಕೂಡ್ಲೆ ಫೋನ್ ಮಾಡವಾ."

ಮೂರನೆಯದು ದೂರದ ದನಿ, ನಡುವೆ ಗೊರಗೊರ ಸದ್ದು. ಸಂಜೆಯ ರೇಡಿಯೋದ ಅದೇ ದನಿ. "ಇದು ಶಿವಕ್ಕನ ಮನೆಯವರಿಗೆ. ನಾನು ಬೋಟ್ಸ್ವಾನಾದಿಂದ ಮಾಸೆಗೊ. ನಿಮ್ಮ ಶಿವಕ್ಕನಿಗೆ ಜ್ವರ ಬಂದಿದೆ. ಔಷಧಿ ಕೊಡುತ್ತಿದ್ದೇವೆ. ದಯವಿಟ್ಟು ನಿಮ್ಮಲ್ಲಿ ಯಾರಾದರೂ ಒಬ್ಬರು ಫೋನ್ ಮಾಡಿ."

ನಾಲ್ಕನೆಯದು ಶ್ರಾವಣಿಯ ಸ್ಕೂಲಿನದು. ಮಗುವಿಗೆ ಜ್ವರ, ಅಪ್ಪ ಅಮ್ಮ ಸಿಗುತ್ತಿಲ್ಲ, ಕಾರ್ಡಿನಲ್ಲಿ ನಿಮ್ಮ ಹೆಸರಿದೆ, ಬೇಗ ಬನ್ನಿ.

ಐದನೆಯದು ಮತ್ತೆ ಮಾಸೆಗೊ. "ನೀಲವ್ವ ಅವರಿಗೆ. ಜ್ವರ ಇನ್ನೂ ಇಳಿದಿಲ್ಲ. ಅವಳು ಅವ್ವಾ ಅವ್ವಾ ಎಂದು ಕನವರಿಸುತ್ತಾಳೆ ಎಂದು ವೈದ್ಯೆ ರೇಡಿಯೋದಲ್ಲಿ ಹೇಳಿದಳು. ಅದು ನೀವೇನಾ? ನೀವು ಮಾತಾಡಿದರೆ ಅವಳಿಗೆ ಧೈರ್ಯ ಬರುತ್ತದೆ. ಹೊತ್ತು ನೋಡಬೇಡಿ, ಯಾವಾಗ ಬೇಕಾದರೂ ಮಾಡಿ."

ಆರನೆಯದು: "ಗಂಜಿ ಕುಡಿದಳು. ಎದ್ದು ಕುಳಿತಿದ್ದಾಳೆ. ನಿಮಗೆ ಸಮಾಧಾನವಾಗಲಿ ಎಂದು ಹೇಳುತ್ತಿದ್ದೇನೆ."

ಏಳನೆಯದು: "ಅವಳು ಇವತ್ತು ಹೊರಟಳು. ಇನ್ನೂ ನಿತ್ರಾಣವಾಗಿದ್ದಾಳೆ, ದಯವಿಟ್ಟು ಯಾರಾದರೂ ಏರ್‌ಪೋರ್ಟಿಗೆ ಹೋಗಿ. ಮನೆ ತಲುಪಿದಳು ಎಂದು ತಿಳಿಸಿ. ಸುದ್ದಿ ಬರುವವರೆಗೆ, ಕ್ಯಾಂಪಿಗೆ ಬಂದವರ ಹೆಸರು ಬರೆಯುವ ನಮ್ಮ ಬೋರ್ಡಿನಿಂದ ಅವಳ ಹೆಸರು ಅಳಿಸುವುದಿಲ್ಲ."

ಕ್ಯಾಸೆಟ್ಟು ನಿಂತಿತು. ಶಿವಕ್ಕ ಚೀಲ ಕೆಳಗಿಟ್ಟಳು. ಮೊದಲು ಶ್ರಾವಣಿಯ ಮನೆಗೆ ಫೋನ್ ಮಾಡಬೇಕು ಅನಿಸಿತು. ರೇಣುಕಾದೇವಿಯ ಗುಳಿಗೆ ಊಟವಾದ ಮೇಲೆ, ಅದನ್ನೂ ಹೇಳಬೇಕು. ಕೈ ಫೋನಿನ ಮೇಲೆ ಹೋಯಿತು, ಆದರೆ ತಿರುಗಿಸಿದ್ದು ಅರ್ಜಿಯ ಮೇಲಿದ್ದ ಬೋಟ್ಸ್ವಾನಾದ ನಂಬರು. ಅಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ. ಮಾಸೆಗೊ ಎರಡನೆಯ ರಿಂಗಿಗೇ ಎತ್ತಿಕೊಂಡಳು.

"ನಾನು ರಾಕ್‌ವಿಲ್‌ನಿಂದ," ಎಂದಳು ಶಿವಕ್ಕ.

"ನೀಲವ್ವ ಅಲ್ಲವೇ!" ಆ ಕಡೆ ದನಿ ಅರಳಿತು. "ನಿಮ್ಮ ದನಿ ನನಗೆ ಗೊತ್ತು. ಮೆಷಿನ್ನಿನಲ್ಲಿ ನಾಲ್ಕು ಸಲ ಕೇಳಿದ್ದೇನೆ. ಬಂದಳೇ?"

"ಬಂದಳು."

"ಏರ್‌ಪೋರ್ಟಿಗೆ ಯಾರಾದರೂ ಹೋಗಿದ್ದಿರಾ?"

ಶಿವಕ್ಕ ಕೆಳಗಿಟ್ಟ ಚೀಲವನ್ನು ನೋಡಿದಳು. "ಹೋಗಿದ್ದೆ. ನಾನೇ ಕರೆದುಕೊಂಡು ಬಂದೆ."

"ದೇವರು ದೊಡ್ಡವನು. ಏನಾದರೂ ತಿಂದಳೇ?"

ಇಪ್ಪತ್ತೇಳು ವರ್ಷದಲ್ಲಿ ಆ ಮನೆಯ ಫೋನಿನಲ್ಲಿ ಯಾರೂ ಕೇಳದ ಮಾತು ಅದು. ಶಿವಕ್ಕ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು.

"ಇನ್ನೂ ಇಲ್ಲ," ಎಂದಳು.

"ಮೊದಲು ತಿನ್ನಿಸಿ. ಒಬ್ಬಳೇ ಇರಲು ಬಿಡಬೇಡಿ, ಜ್ವರ ಬಿಟ್ಟ ಮೈ. ಸರಿ ಹಾಗಾದರೆ, ಬೋರ್ಡಿನಿಂದ ಹೆಸರು ಅಳಿಸುತ್ತೇನೆ."

"ಬೇಡ," ಎಂದಳು ಶಿವಕ್ಕ, ಗಾಬರಿಯಿಂದ. "ಇವತ್ತೊಂದು ದಿನ ಇರಲಿ. ಇನ್ನೂ ಸರಿಯಾಗಿ ನಿಲ್ಲುವುದಕ್ಕೆ ಆಗುತ್ತಿಲ್ಲ ಅವಳಿಗೆ. ನಾಳೆ ಫೋನ್ ಮಾಡಿ ಹೇಳುತ್ತೇನೆ."

"ಆಗಲಿ," ಎಂದಳು ಮಾಸೆಗೊ. "ನಾಳೆಯವರೆಗೆ ಕಾಯುತ್ತೇವೆ."

ಫೋನ್ ಇಟ್ಟು ಶಿವಕ್ಕ ಎದ್ದಳು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಒಂದು ಹಿಡಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು.